ಕ್ರಾಫ್ಟ್ಸ್‌ಮನ್ ಮನೆ: ಕೊಳ್ಳುವ ಮೊದಲು ಸೂರು ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಅಮೆರಿಕದ ಕ್ರಾಫ್ಟ್ಸ್‌ಮನ್ ಮನೆಗಳ (ಇಪ್ಪತ್ತನೆಯ ಶತಮಾನದ ಆರಂಭದ, ಮರಗೆಲಸ ಎದ್ದು ಕಾಣುವ ಶೈಲಿಯ ಮನೆಗಳು) ಲೇಖನದಲ್ಲಿ ಚಿತ್ರಗಳೇನೋ ಸೊಗಸಾಗಿವೆ. ಆದರೆ ಆ ಮನೆಗಳು ಎಲ್ಲಿ ಹಾಳಾಗುತ್ತವೆ, ಯಾಕೆ ಎಂಬ ಮಾತೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡಿಗರೂ ನೂರು ವರ್ಷ ದಾಟಿದ ಇಂಥ ಮನೆಗಳನ್ನು ಕೊಳ್ಳುವುದುಂಟು. ಅವರಿಗಾಗಿ ಈ ಪತ್ರ.

ಮೊದಲು ಒಂದು ತಿದ್ದುಪಡಿ. ಈ ಶೈಲಿ ಯಂತ್ರವಿರೋಧಿಗಳದ್ದು ಎಂಬ ಮಾತು ಅರ್ಧ ನಿಜ. ಇಂಗ್ಲೆಂಡಿನ ವಿನ್ಯಾಸಕಾರ ವಿಲಿಯಂ ಮಾರಿಸ್ ಕೈಕಸುಬಿನ ಪರ ನಿಂತರು, ಆದರೆ ಅವರ ಸಾಮಾನು ಉಳ್ಳವರ ಮನೆಗಷ್ಟೇ ಸೇರಿತು. 1901ರಲ್ಲಿ ನ್ಯೂಯಾರ್ಕ್ ರಾಜ್ಯದಿಂದ ‘ದಿ ಕ್ರಾಫ್ಟ್ಸ್‌ಮನ್’ ಪತ್ರಿಕೆ ಹೊರಡಿಸಿದ ಪೀಠೋಪಕರಣ ತಯಾರಕ ಗುಸ್ತಾವ್ ಸ್ಟಿಕ್ಲಿ ಮಾತ್ರ ಒರಟು ಕೆಲಸವನ್ನು ಯಂತ್ರಕ್ಕೇ ಬಿಟ್ಟರು. ಚಂದಾದಾರರಿಗೆ ಮನೆಯ ನಕ್ಷೆಯನ್ನೂ ಪುಕ್ಕಟೆ ಕೊಟ್ಟರು. 1908ರಿಂದ ಅಂಚೆ ಮೂಲಕ ಸಾಮಾನು ಮಾರುವ ಸಿಯರ್ಸ್ ಕಂಪನಿ ಕ್ಯಾಟಲಾಗ್ ನೋಡಿ ಆರಿಸಿದ ಮನೆಯ ಸಾಮಾನನ್ನು ರೈಲಿನಲ್ಲೇ ಕಳಿಸತೊಡಗಿತು. ಈ ಶೈಲಿ ಊರೂರಿಗೆ ಹಬ್ಬಿದ್ದು ಹೀಗೆ.

ತಗ್ಗಿನ ಇಳಿಜಾರಿನ ಮಾಡು, ಅಗಲವಾದ ಜಗಲಿ, ಕಲ್ಲಿನ ದಿಮ್ಮಿಯ ಮೇಲೆ ನಿಂತು ತುದಿಗೆ ಸಣ್ಣದಾಗುವ ಚೌಕ ಕಂಬ, ಗೋಡೆಯಲ್ಲೇ ಕೂಡಿಸಿದ ಪುಸ್ತಕದ ಕಪಾಟು: ಇವೆಲ್ಲ ಲೇಖನದಲ್ಲಿವೆ. ನಿಜವಾದ ತಾಪತ್ರಯ ಇರುವುದು ಸೂರಿನಲ್ಲಿ. ಎರಡು ಮೂರು ಅಡಿ ಹೊರಚಾಚಿದ ಸೂರಿನ ಕೆಳಗೆ ಪಕಾಸುಗಳ (ಮಾಡನ್ನು ಹೊರುವ ಇಳಿಜಾರು ಮರಗಳ) ತುದಿಯನ್ನು ಬೇಕೆಂದೇ ಮುಚ್ಚದೆ ಬಿಟ್ಟಿರುತ್ತಾರೆ. ಅಡ್ಡ ಕೊಯ್ದ ಆ ತುದಿಯಲ್ಲಿ ಮರದ ನಾರಿನ ಬಾಯಿ ತೆರೆದಿದ್ದು, ಮಳೆನೀರನ್ನು ಹೀರುತ್ತಲೇ ಇರುತ್ತದೆ. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ವಾಸ್ತುಶಿಲ್ಪಿಗಳಾದ ಗ್ರೀನ್ ಸಹೋದರರು 1908ರಲ್ಲಿ ವಿನ್ಯಾಸ ಮಾಡಿದ ಗ್ಯಾಂಬಲ್ ಹೌಸ್‌ನಲ್ಲಿ ಪಕಾಸುಗಳು ಮಾಡಿನ ಅಂಚನ್ನೂ ದಾಟಿ ಬಿಸಿಲು ಮಳೆಗೆ ಒಡ್ಡಿಕೊಂಡಿವೆ. ನೋಡಲು ಅಪೂರ್ವ, ಆದರೆ ಅಲ್ಲಿಯೂ ಕೊಳೆತ ತುದಿಗಳನ್ನು ದುರಸ್ತಿ ಮಾಡಬೇಕಾಯಿತು. ತುದಿಗಳಿಗೆ ಅಡ್ಡವಾಗಿ ಹಲಗೆ ಬಡಿದು ಮಳೆನೀರಿನ ದೋಣಿ (ಗಟರ್) ಕಟ್ಟಿದ ಮನೆಗಳ ಪಾಡು ಇನ್ನೂ ಕಷ್ಟ: ಹಲಗೆಯ ಹಿಂದೆ ನೀರು ನಿಂತು, ಹೊರಗೆ ಬಣ್ಣ ಚೆನ್ನಾಗಿದ್ದರೂ ಒಳಗೆ ಮರ ಪುಡಿಯಾಗಿರುತ್ತದೆ.

ಸ್ಕ್ರೂಡ್ರೈವರಿನಿಂದ ಪ್ರತಿ ತುದಿಯನ್ನೂ ಕೆಳಗಿನಿಂದ ಚುಚ್ಚಿ ನೋಡಿ. ಒಂದೆರಡು ಇಂಚು ಮಾತ್ರ ಮೆದುವಾಗಿದ್ದರೆ ಕೊಳೆತದ್ದನ್ನು ಕೆತ್ತಿ, ಮರ ಪೂರ್ತಿ ಒಣಗಿದ ಮೇಲೆ ಎಪಾಕ್ಸಿ (ಗಟ್ಟಿಯಾಗುವ ರಾಳದ ಅಂಟು) ಕುಡಿಸಿ ತುಂಬಬಹುದು. ಹಸಿ ಮರಕ್ಕೆ ತುಂಬಿದರೆ ತೇವ ಒಳಗೇ ಸಿಕ್ಕಿಕೊಂಡು ಪಕ್ಕದ ಮರ ಕೊಳೆಯುತ್ತದೆ. ಪಕಾಸು ಗೋಡೆಯವರೆಗೂ ಕೊಳೆತುಹೋಗಿದ್ದರೆ ಎಪಾಕ್ಸಿ ದಂಡ. ಹಳೆಯ ಪಕಾಸಿನ ಪಕ್ಕಕ್ಕೆ ಹೊಸದನ್ನು ಬೋಲ್ಟ್ ಹಾಕಿ ಜೋಡಿಸಬೇಕು. ಹೊರಗೆ ಎರಡು ಅಡಿ ಚಾಚುವುದಾದರೆ ಒಳಗೆ ಕನಿಷ್ಠ ನಾಲ್ಕು ಅಡಿ ಇರಲಿ. ಬಣ್ಣಕ್ಕೆ ಮೊದಲು ಕೊಯ್ದ ತುದಿಗೆ ಎರಡು ಮೂರು ಸಲ ಪ್ರೈಮರ್ ಕುಡಿಸಿ. 1978ಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು, ಒಣ ಉಜ್ಜು ಬೇಡ.

ಜಗಲಿಯ ಕಂಬ ಹೆಚ್ಚಾಗಿ ಹಲಗೆಯ ಟೊಳ್ಳು ಪೆಟ್ಟಿಗೆ. ಕಲ್ಲಿಗೆ ತಾಗುವ ಬುಡದಲ್ಲಿ ಮರ ಮೆದುವಾಗಿದೆಯೇ ಎಂದು ಅದನ್ನೂ ಚುಚ್ಚಿ ನೋಡಿ.

ಭೂಕಂಪದ ಮಾತು ಬೇರೆ. ಹಲವು ಹಳೆಯ ಮನೆಗಳಲ್ಲಿ ಅಡಿಪಾಯಕ್ಕೂ ಮನೆಯೊಳಗಿನ ನೆಲಕ್ಕೂ ನಡುವೆ ಗಿಡ್ಡ ಮರದ ಗೋಡೆಯಿದ್ದು, ಮನೆ ಅಡಿಪಾಯಕ್ಕೆ ಬೋಲ್ಟ್ ಆಗಿರುವುದಿಲ್ಲ. ಭೂಮಿ ಅಲುಗಿದಾಗ ಆ ಗೋಡೆ ಮಗುಚಿ ಮನೆ ಜಾರುತ್ತದೆ. ಬೋಲ್ಟ್ ಹಾಕಿಸಿ, ಗಿಡ್ಡ ಗೋಡೆಗೆ ಸುಮಾರು ಅರ್ಧ ಇಂಚಿನ ಪ್ಲೈವುಡ್ ಬಡಿಸಬೇಕು, ಗಾಳಿಕಿಂಡಿ ಮುಚ್ಚಿಹೋಗಬಾರದು. ಕ್ಯಾಲಿಫೋರ್ನಿಯಾದಲ್ಲಿ ಆಯ್ದ ಪ್ರದೇಶಗಳ ಮನೆಗಳಿಗೆ ಇದಕ್ಕೆ 3,000 ಡಾಲರ್‌ವರೆಗೆ ಸಹಾಯಧನ ಸಿಗುತ್ತದೆ, ಆದರೆ ಸಹಾಯಧನಕ್ಕೆ ಅನುಮತಿ ಬರುವ ಮುಂಚೆ ಕೆಲಸ ಶುರು ಮಾಡಿದವರಿಗೆ ಇಲ್ಲ.

– ಓದುಗ, ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ