ಕಪಾತಿಗೆ ಮುಂಚೆ ಪೊಟರೆ ನೋಡಿ

ಎಲ್ಲರಿಗೂ ನಮಸ್ಕಾರ. ಮಳೆಗೆ ಮುಂಚೆ ಕಾಫಿ ತೋಟದ ನೆರಳು ಮರಗಳ ಕಪಾತು (ಕೊಂಬೆ ಕಡಿಯುವುದು) ಶುರುವಾಗಿದೆ, ಅಲ್ವಾ? ಪೊಟರೆ ಇರುವ ಹಳೆ ಮರಕ್ಕೆ ಕೂಡಲೇ ಗರಗಸ ಇಡಬೇಡಿ. ಸ್ವಲ್ಪ ಹೊತ್ತು ನಿಂತು ನೋಡಿ. ಹೆಣ್ಣು ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ಪೊಟರೆಯಲ್ಲಿ ಗೂಡು ಮಾಡಿ, ಅದರ ಬಾಯಿ ಮೆತ್ತಿಕೊಂಡು ಒಳಗೆ ಕೂತಿರಬಹುದು. ಸಣ್ಣ ಸೀಳಿನಲ್ಲಿ ಕೊಕ್ಕಿನ ತುದಿ ಮಾತ್ರ ಕಾಣುತ್ತದೆ. ಗಂಡು ಅತ್ತಿ ಹಣ್ಣು ತಂದು ತಿನ್ನಿಸುತ್ತದೆ.

ಹಾಗಾಗಿ ಗೂಡಿನ ಮರವೊಂದೇ ಉಳಿದರೆ ಸಾಲದು. ಹಣ್ಣಿನ ಮರ ಪಕ್ಕದ ತೋಟದಲ್ಲೋ ದೇವರಕಾಡಿನಲ್ಲೋ ಇರಬೇಕು. ಕೊಡಗಿನಲ್ಲಿ 1,200ಕ್ಕೂ ಜಾಸ್ತಿ ದೇವರಕಾಡುಗಳಿವೆ, ಹೆಚ್ಚಿನವು ಪುಟ್ಟವು. ಅವುಗಳ ನಡುವೆ ಇರುವುದು ನಮ್ಮ ತೋಟಗಳೇ. ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೂ ಆಗುತ್ತದೆ, ನಾನೂ ನೆಟ್ಟಿದ್ದೇನೆ! ಆದರೆ ಪೂರಾ ಅದೇ ಬೇಡ. ಅತ್ತಿ, ಹಲಸು, ನೇರಳೆಯೂ ಇರಲಿ.

ಗೂಡು ಕಂಡರೆ ದೂರದಿಂದ ಫೋಟೋ ಹಾಕಿ. ಜಾಗ ಮಾತ್ರ ಬರೆಯಬೇಡಿ.