ಹುಳಕ್ಕೆ ಅತ್ತವಳಿಗೆ

ಗಂಗಾವತಿ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಸಿಕ್ಕಿತು. ಹಾಸ್ಟೆಲ್ ಬದಲಾಯಿಸಿದ್ದು, ನಿಮ್ಮಪ್ಪನ ಬಿಪಿ, ತಮ್ಮನ ಮಾರ್ಕ್ಸು, ಇವೆಲ್ಲ ನಿಮ್ಮವ್ವ ಫೋನಿನಲ್ಲಿ ಹೇಳಿಯಾಗಿದೆ. ಅದಕ್ಕೆಲ್ಲ ಉತ್ತರ ಬರೆಯುವುದಿಲ್ಲ. ಎರಡನೇ ಪುಟದ ತಳದಲ್ಲಿ, ಬರೆಯಲೋ ಬೇಡವೋ ಅನ್ನುವ ಹಾಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯಲ್ಲ, ಅದು ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. "ಮಾವಾ, ನಾನು ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಆ ಪುಸ್ತಕ ಚೆನ್ನಾಗಿಲ್ಲ ಅಂತ ಎಲ್ಲರಿಗೂ ಗೊತ್ತಾಗಿದೆ, ನನಗೊಬ್ಬಳಿಗೇ ಗೊತ್ತಾಗಿಲ್ಲ. ನನಗೆ ಓದೋಕೇ ಬರಲ್ವೇನೋ."

ಪುಸ್ತಕ ಇಷ್ಟವಾಯಿತೋ ಇಲ್ಲವೋ ಅನ್ನುವುದು ಸಣ್ಣ ವಿಷಯ. ಓದಲು ಬರುವುದಿಲ್ಲವೇನೋ ಅಂತ ನೀನು ಅಂದುಕೊಂಡಿದ್ದು ಸಣ್ಣದಲ್ಲ.

ಮೊದಲೇ ಹೇಳಿಬಿಡುತ್ತೇನೆ, ಬೇಜಾರು ಮಾಡ್ಕೋಬೇಡ. ನೀನು ಹೇಳುವ ಆ ಪುಸ್ತಕ, ಫ್ರಾಂಕ್ ಹರ್ಬರ್ಟ್ ಬರೆದ 'ಡ್ಯೂನ್' ಅನ್ನುವ ಇಂಗ್ಲಿಷ್ ವಿಜ್ಞಾನ ಕಾದಂಬರಿ ಸರಣಿಯ ನಾಲ್ಕನೆಯದು, 'ಗಾಡ್ ಎಂಪರರ್ ಆಫ್ ಡ್ಯೂನ್', ನನಗೂ ಪೂರ್ತಿ ಹಿಡಿಸಲಿಲ್ಲ. ನಿಮ್ಮ ರಾಯಚೂರಿನ ಓದುವ ಗುಂಪಿನ ಗೆಳೆಯರು ಬೋರು ಅಂದಿದ್ದರಲ್ಲಿ ಸುಳ್ಳಿಲ್ಲ. ಮೂರನೇ ಪುಸ್ತಕ ಮುಗಿಸಿ ನಾಲ್ಕನೆಯದನ್ನು ತೆರೆದರೆ ಕಥೆ 3,500 ವರ್ಷ ಮುಂದೆ ಹೋಗಿ ಕೂತಿದೆ. ಮೊದಲ ಪುಸ್ತಕದ ನಾಯಕ ಪಾಲ್ ಇಲ್ಲ, ಅವನ ಪ್ರೇಯಸಿ ಚಾನಿ ಇಲ್ಲ, ತಾಯಿ ಜೆಸಿಕಾ ಇಲ್ಲ. ಸತ್ತಷ್ಟು ಸಲವೂ ಮತ್ತೆ ತಯಾರಾಗಿ ಬರುವ ಡಂಕನ್ ಐಡಾಹೋ ಒಬ್ಬನೇ ಹಳೇ ಮುಖ. ಪಾಲ್‌ನ ಮಗ ಲೀಟೋ ಮುಕ್ಕಾಲು ಪಾಲು ಮರಳುಗಾಡಿನ ದೈತ್ಯ ಹುಳವಾಗಿ, ಗಾಡಿಯ ಮೇಲೆ ಮಲಗಿ, ಮಾತಾಡುತ್ತಾನೆ. ಮಾತಾಡುತ್ತಲೇ ಇರುತ್ತಾನೆ. ದೊಡ್ಡ ಯುದ್ಧ ಇಲ್ಲ. ನಡುವೆ ನಾನು ಎಷ್ಟೋ ಕಡೆ ಆಕಳಿಸಿದ್ದೇನೆ. ಅವನ ಹೆಣ್ಣು ಸೈನ್ಯದ ಬಗ್ಗೆ, ಸಲಿಂಗ ಪ್ರೇಮದ ಬಗ್ಗೆ ಅಲ್ಲಿ ಬರುವ ಕೆಲವು ಮಾತು ಇವತ್ತು ಓದಿದರೆ ಮುಜುಗರ ಆಗುತ್ತದೆ. ಹರ್ಬರ್ಟ್ 1981ರಲ್ಲಿ ಬರೆದಿದ್ದು ಅಂತ ಅದನ್ನು ಮಾಫಿ ಮಾಡಬೇಕಾಗಿಲ್ಲ.

ಸರಿ, ಇಷ್ಟೂ ನಿಜ. ಇದರಿಂದ ನಿನಗೆ ಓದಲು ಬರುವುದಿಲ್ಲ ಅಂತ ಹೇಗಾಯಿತು? ಅದು ನನಗೆ ತಿಳಿಯಲಿಲ್ಲ.

ನಿನ್ನ ಗೆಳೆಯರಲ್ಲಿ ಬಹಳ ಜನ ಸಿನಿಮಾ ನೋಡಿ ಪುಸ್ತಕಕ್ಕೆ ಬಂದವರು ಅಂತ ನೀನೇ ಬರೆದಿದ್ದೀಯ. ಅದರಲ್ಲಿ ತಪ್ಪೇನಿಲ್ಲ. 2021 ಮತ್ತು 2024ರಲ್ಲಿ ಬಂದ ಎರಡು ಸಿನಿಮಾ ಸೇರಿ ಮೊದಲ ಪುಸ್ತಕ ಒಂದನ್ನೇ ಹೇಳುತ್ತವೆ. ಅವರು ಪಾಲ್‌ನನ್ನು ಹುಡುಕಿಕೊಂಡು ಬಂದವರು, ಸಿಕ್ಕಿದ್ದು ಹುಳ. ಸಿಟ್ಟು ಬರದೇ ಇರುತ್ತದೆಯೇ? ನೀನು ಹಾಸ್ಟೆಲಿನಲ್ಲಿ ಕೈಗೆ ಸಿಕ್ಕ ಹಾಗೆ ನಾಲ್ಕನೆಯದರಿಂದಲೇ ಶುರು ಮಾಡಿ, ಆಮೇಲೆ ಹಿಂದಕ್ಕೆ ಹೋದವಳು. ನಿನಗೆ ಹುಳವೇ ಮನೆಯವನು. ಓದಲು ಬರುವವರು, ಬಾರದವರು ಅಂತ ಇಲ್ಲಿ ಎರಡು ಜಾತಿ ಇಲ್ಲ. ಬೇರೆ ಬೇರೆ ಬಾಗಿಲಿಂದ ಒಳಗೆ ಬಂದವರು ಇದ್ದೀರಿ, ಅಷ್ಟೇ.

ಇನ್ನು ಕನ್ನಡ ಮೀಡಿಯಂ ಮಾತು. ಮೊದಲ ಪುಸ್ತಕದ ಕೊನೆಯಲ್ಲಿ ಪದಗಳ ಅರ್ಥ ಕೊಟ್ಟಿದ್ದಾನಲ್ಲ, ನೋಡಿದ್ದೀಯ? ಅದು ನಿನಗಾಗಿ ಹಾಕಿದ್ದಲ್ಲ, ಅಮೆರಿಕದವನಿಗೆ ಹಾಕಿದ್ದು. ಅವನೂ ಹಿಂದಕ್ಕೆ ಮುಂದಕ್ಕೆ ಪುಟ ತಿರುಗಿಸಿಯೇ ಓದಬೇಕು. ಆ ಪುಸ್ತಕದ ಮುಂದೆ ಎಲ್ಲರೂ ಹಳ್ಳಿ ಶಾಲೆಯಿಂದ ಬಂದವರೇ.

ಓದಲು ಬರುವವರು ಅಂತ ನೀನು ಯಾರನ್ನು ಅಂದುಕೊಂಡಿದ್ದೀಯೋ, ಅವರ ಕಥೆಯನ್ನೂ ಸ್ವಲ್ಪ ಕೇಳು. ಆ ಮೊದಲ ಪುಸ್ತಕವನ್ನು 20ಕ್ಕೂ ಹೆಚ್ಚು ಪ್ರಕಾಶಕರು ಬೇಡ ಅಂದಿದ್ದರು. ಕೊನೆಗೆ 1965ರಲ್ಲಿ ಹಾಕಿದ್ದು ಚಿಲ್ಟನ್ ಅನ್ನುವ ಕಂಪನಿ. ಅವರಿಗೆ ಹೆಸರು ಬಂದಿದ್ದು ಕಾರು ರಿಪೇರಿ ಪುಸ್ತಕಗಳಿಂದ! ಮರುವರ್ಷವೇ ವಿಜ್ಞಾನ ಕಥೆಗಳಿಗೆ ಕೊಡುವ ದೊಡ್ಡ ಪ್ರಶಸ್ತಿಗಳಾದ ಹ್ಯೂಗೋ, ನೆಬ್ಯುಲಾ ಎರಡೂ ಬಂದವು. ಇನ್ನೊಂದು ನನಗೆ ಬಹಳ ಇಷ್ಟವಾದ ಸಂಗತಿ. ಪುಸ್ತಕ ಆಗುವುದಕ್ಕೆ ಮುಂಚೆ ಆ ಕಥೆಯನ್ನು 'ಅನಲಾಗ್' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಹಾಕಿದ ಸಂಪಾದಕ ಜಾನ್ ಕ್ಯಾಂಪ್‌ಬೆಲ್, ಎರಡನೇ ಕಾದಂಬರಿ ಬಂದಾಗ ಒಲ್ಲೆ ಅಂದುಬಿಟ್ಟ. ನಾಯಕ ಸೋಲುವುದು ಅವನಿಗೆ ಹಿಡಿಸಲಿಲ್ಲ. ಅದು 1969ರಲ್ಲಿ 'ಗ್ಯಾಲಕ್ಸಿ' ಪತ್ರಿಕೆಯಲ್ಲಿ ಬಂತು. ಅಂದರೆ ಹರ್ಬರ್ಟ್‌ನ ಮೊದಲ ದೊಡ್ಡ ಅಭಿಮಾನಿಯೇ ಎರಡನೇ ಪುಸ್ತಕಕ್ಕೆ ಮುಖ ತಿರುಗಿಸಿದ. ಕ್ಯಾಂಪ್‌ಬೆಲ್‌ಗೆ ಓದಲು ಬರುತ್ತಿರಲಿಲ್ಲ ಅಂತ ಯಾರಾದರೂ ಹೇಳುತ್ತಾರೆಯೇ?

ಈ ಸರಣಿಯ ಓದುಗರು ಮೊದಲಿನಿಂದ ಹೀಗೇ. ಮೊದಲನೆಯದು ಒಂದೇ ಸಾಕು ಅನ್ನುವವರು ಒಂದು ಕಡೆ. ನಾಲ್ಕನೆಯದೇ ಕಳಶ ಅನ್ನುವವರು ಇನ್ನೊಂದು ಕಡೆ. ಹೌದು, ನಿನ್ನ ಹಾಗೆ ಅನ್ನುವವರು ಎಷ್ಟೋ ಜನ ಇದ್ದಾರೆ, ನೀನು ಒಬ್ಬಳೇ ಅಲ್ಲ. ಆರನೆಯದು 1985ರಲ್ಲಿ ಬಂತು. ಕಥೆ ಅರ್ಧಕ್ಕೇ ನಿಂತಿತು, ಮರುವರ್ಷ ಹರ್ಬರ್ಟ್ ತೀರಿಕೊಂಡ. 1999ರಿಂದ ಅವನ ಮಗ ಇನ್ನೊಬ್ಬ ಲೇಖಕನ ಜೊತೆ ಸೇರಿ ಮುಂದುವರಿಸಿದ. ಆ ಪುಸ್ತಕಗಳ ಮಾತು ಎತ್ತಿದರೆ ಹಳೇ ಓದುಗರು ಆಸ್ತಿ ಜಗಳಕ್ಕೆ ಬಂದವರ ಹಾಗೆ ಮೈಮೇಲೆ ಬೀಳುತ್ತಾರೆ. ಅಲ್ಲಿಗೆ ಮಾತ್ರ ನೀನು ಹೋಗಬೇಡ. ಅಥವಾ ಹೋಗು, ನನಗೇನು.

ಲೀಟೋ ಸತ್ತಾಗ ಕಣ್ಣೀರು ಬಂತು ಅಂತ ನೀನು ಹೇಳಿದ್ದಕ್ಕೆ ನಿಮ್ಮ ಗುಂಪಿನಲ್ಲಿ ಒಬ್ಬ "ಹುಳಕ್ಕ ಅಳ್ತಿಯೇನ ನೀ?" ಅಂದನಂತೆ. ಎಲ್ಲರೂ ನಕ್ಕರಂತೆ. ಅದನ್ನು ಓದಿದಾಗ ನನಗೆ ನಿಮ್ಮಜ್ಜಿ ನೆನಪಾದಳು.

ನಮ್ಮವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಊರಲ್ಲಿ ದೊಡ್ಡಾಟ ಹಾಕುತ್ತಿದ್ದರು. ಬೆಳಗಿನ ತನಕ ಕುಣಿತ, ಮದ್ದಳೆ, ಎದುರಿಗೆ ಚಾಪೆ ಹಾಸಿಕೊಂಡ ಹೆಂಗಸರು. ದುರ್ಯೋಧನ ಕೊಳದಲ್ಲಿ ಅಡಗಿ ಕೂತಾಗ, ಭೀಮ ದಂಡೆಯ ಮೇಲೆ ನಿಂತು ಬೈಯುವಾಗ, ಊರೆಲ್ಲ ಶಿಳ್ಳೆ ಹೊಡೆಯುತ್ತಿತ್ತು. ಅವ್ವ ಸೆರಗು ಬಾಯಿಗೆ ಹಿಡಿದು ಅಳುತ್ತಿದ್ದಳು. ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದವನು, ಮುಖದ ಮೇಲೆ ಹನಿ ಬಿದ್ದು ಎಚ್ಚರ ಆಗುತ್ತಿತ್ತು. ಪಕ್ಕದವರು ಕೇಳಿದರೆ "ದೀಪದ ಹೊಗಿ" ಅನ್ನುತ್ತಿದ್ದಳು. ಕೆಟ್ಟವನಿಗೆ ಅತ್ತೆ ಅಂತ ಹೇಳುವುದಕ್ಕೆ ನಾಚಿಕೆ.

ಕಾಲೇಜಿಗೆ ಹೋದ ಮೇಲೆ ನಾನು ರನ್ನನನ್ನು ಓದಿದೆ. ಹತ್ತನೇ ಶತಮಾನದ ಕವಿ. ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಹೊಗಳಬೇಕು ಅಂತ ಕೂತು ಬರೆದವನು. ಅವನ ಗದಾಯುದ್ಧ ಕಾವ್ಯಕ್ಕೆ 'ಸಾಹಸಭೀಮ ವಿಜಯ' ಅಂತಲೇ ಇನ್ನೊಂದು ಹೆಸರು. ಆದರೆ ಓದಿದವರ ಮನಸ್ಸು ಹೋಗಿ ನಿಲ್ಲುವುದು ದುರ್ಯೋಧನನ ಹತ್ತಿರ. ಹೆಣಗಳ ನಡುವೆ ಕರ್ಣನನ್ನು ಕಂಡು ಅಳುವವನ ಹತ್ತಿರ. ಬಿಎಂಶ್ರೀ ಅದನ್ನು ನಾಟಕ ಮಾಡಿದಾಗ ದುರ್ಯೋಧನನನ್ನೇ ದುರಂತ ನಾಯಕ ಮಾಡಿದರು. ಮೇಷ್ಟ್ರು ಕ್ಲಾಸಿನಲ್ಲಿ ಇದನ್ನು ಹೇಳುತ್ತಿದ್ದರೆ ನನ್ನ ಕಿವಿ ಬಿಸಿಯಾಯಿತು. ನಮ್ಮವ್ವ ಚಾಪೆಯ ಮೇಲೆ ಕೂತು ಕಂಡಿದ್ದು ಇದನ್ನೇ ಅಲ್ವಾ?

ಊರಿಗೆ ಹೋದಾಗ ಅವ್ವನಿಗೆ ಇದನ್ನು ಹೇಳಬೇಕು ಅಂದುಕೊಂಡೆ. ಪ್ರತಿ ಸಲ ಬೇರೆ ಏನೋ ಮಾತು ಬರುತ್ತಿತ್ತು. ಸಾಲ, ಮದುವೆ, ಎಮ್ಮೆ. ಅವಳು ಹೋಗಿಬಿಟ್ಟಳು. ದುರ್ಯೋಧನನಲ್ಲಿ ಏನು ಕಂಡೆ ಅಂತ ಅವಳನ್ನು ಯಾರೂ ಕೇಳಲಿಲ್ಲ. ಓದಿದ ಮಗನಾದ ನಾನೂ ಕೇಳಲಿಲ್ಲ. ಇದು ನನ್ನ ಎದೆಯಲ್ಲಿ ಹಾಗೇ ಕೂತಿದೆ. ಅದಕ್ಕೇ ಇರಬೇಕು, ನಿನ್ನ ಸಣ್ಣ ಅಕ್ಷರದ ಸಾಲು ನನಗೆ ಇಷ್ಟು ತಾಗಿದ್ದು. "ದೀಪದ ಹೊಗಿ" ಅನ್ನುವುದು ನಮ್ಮ ಮನೆಯಲ್ಲಿ ಇನ್ನೊಂದು ಸಲ ಬೇಡ.

ಎಲ್ಲಿಂದ ಎಲ್ಲಿಗೋ ಹೋದೆ. ವಯಸ್ಸಾದವರ ಪತ್ರ, ಸಹಿಸಿಕೋ.

ನಿನಗೆ ಆ ಪುಸ್ತಕ ಯಾಕೆ ಹಿಡಿಸಿತು ಅಂತ ನೀನು ಅರ್ಧ ಪುಟ ಬರೆದು ಹೊಡೆದು ಹಾಕಿದ್ದೀಯ. ಬೆಳಕಿಗೆ ಹಿಡಿದು ಓದಿದೆ. ಮರಳುಗಾಡಾಗಿದ್ದ ಅರಾಕಿಸ್ ಗ್ರಹ ಹಸಿರಾದ ಮೇಲೆ ಅಲ್ಲಿನ ಫ್ರೆಮನ್ ಜನ ಏನಾದರು ಅನ್ನುವುದು. ಹನಿ ನೀರನ್ನೂ ಬಿಡದೆ ಬದುಕಿದ್ದ ಜನ, ಈಗ ಹಳೇ ಬಟ್ಟೆ ತೊಟ್ಟು, ಹಳೇ ಹಾಡು ಹೇಳಿ, ಬಂದವರಿಗೆ ತೋರಿಸಿ ಬದುಕುತ್ತಾರೆ. ಆ ಭಾಗವನ್ನು ನಾನು ಓದಿದ್ದೆ, ದಾಟಿ ಹೋಗಿದ್ದೆ. ನಿನ್ನ ಹೊಡೆದು ಹಾಕಿದ ಸಾಲು ಓದಿದ ಮೇಲೆ ಮತ್ತೆ ತೆಗೆದು ಓದಿದೆ.

ನಾವು ಅದನ್ನು ನೋಡಿದವರು ಕಣೇ. ತುಂಗಭದ್ರಾ ಡ್ಯಾಂ ಮುಗಿದಿದ್ದು 1953ರಲ್ಲಿ. ಎಡದಂಡೆ ಕಾಲುವೆ ನೀರು ಬರುವುದಕ್ಕೆ ಮುಂಚೆ ಇಲ್ಲಿ ಎರಿ ಹೊಲ, ಜೋಳ, ಸಜ್ಜೆ. ನಮ್ಮ ಮನೆ ಮುಂದೆ ಹಗೇವು ಇತ್ತು. ನೆಲದೊಳಗೆ ಆಳಾಗಿ ತೋಡಿ, ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಬಂಡೆ ಮುಚ್ಚುವುದು. ಬರ ಬಂದರೆ ಅದೇ ಗತಿ. ತೆಗೆದ ಕೂಡಲೇ ಒಳಗೆ ಇಳಿಯುವ ಹಾಗಿಲ್ಲ. ಒಂದು ಹೊತ್ತು ಹಾಗೇ ಬಿಟ್ಟು, ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸಿ ನೋಡಬೇಕು. ದೀಪ ಆರದಿದ್ದರೆ ಮನುಷ್ಯ ಇಳಿಯಬಹುದು. ನಮ್ಮಜ್ಜನಿಗೆ ದೀಪದ ಬಣ್ಣ ನೋಡಿದರೆ ಸಾಕು, ಗೊತ್ತಾಗುತ್ತಿತ್ತು. ಕಾಲುವೆ ಬಂದ ಮೇಲೆ ಭತ್ತ ಬಂತು, ದುಡ್ಡು ಬಂತು, ನೆಲದಲ್ಲಿ ತೇವ ಏರಿತು. ಹಗೇವಿನ ಜೋಳ ಮುಗ್ಗಿತು. ಆಮೇಲೆ ಅದನ್ನು ಮುಚ್ಚಿದರು. ನಾನು ನೀರನ್ನು ಬೈಯುತ್ತಿಲ್ಲ. ಅದೇ ಭತ್ತದ ದುಡ್ಡಿನಲ್ಲಿ ನಾನು ಓದಿದ್ದು. ಆದರೆ ಬೇಸಿಗೆಯಲ್ಲಿ ನಮ್ಮ ಕೆಳಗಿನ ಹೊಲಕ್ಕೆ ಬಂದು ನೋಡು, ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿರುತ್ತದೆ. ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟರೆ ಉಪ್ಪು. ಅಲ್ಲಿ ಈಗ ಭತ್ತವೂ ಇಲ್ಲ, ಜೋಳವೂ ಇಲ್ಲ.

ಹರ್ಬರ್ಟ್‌ಗೆ ಈ ಕಥೆ ಹೊಳೆದಿದ್ದು ಅಮೆರಿಕದ ಒರೆಗಾನ್ ಕರಾವಳಿಯಲ್ಲಿ. ಫ್ಲಾರೆನ್ಸ್ ಅನ್ನುವ ಊರಿನ ಹತ್ತಿರ, ಹಾರುವ ಮರಳನ್ನು ನಿಲ್ಲಿಸುವುದಕ್ಕೆ ಸರ್ಕಾರದವರು ಹುಲ್ಲು ನೆಡುತ್ತಿದ್ದರು. 1957ರಲ್ಲಿ ಅದನ್ನು ನೋಡಿ ಲೇಖನ ಬರೆಯಲು ಹೋದ, ಅದು ಬೆಳೆದು ಕಾದಂಬರಿ ಆಯಿತು. ಮೊದಲ ಪುಸ್ತಕವನ್ನು ಒಣಭೂಮಿಯ ಪರಿಸರ ಅಭ್ಯಾಸ ಮಾಡುವವರಿಗೇ ಅರ್ಪಿಸಿದ್ದಾನೆ. ಒಣ ನೆಲಕ್ಕೆ ನೀರು ಬಂದರೆ ಜನ ಏನಾಗುತ್ತಾರೆ ಅನ್ನುವುದು ಅವನು ಕೇಳಿದ ಪ್ರಶ್ನೆ. ಕಾಲುವೆಯ ತುದಿಯ ಸಿರವಾರದಲ್ಲಿ ನೀರಿಗೆ ಕಾದು ಬೆಳೆದ ಹುಡುಗಿಗೆ ಅದು ತಟ್ಟಿತು. ಓದಲು ಬರುವುದಿಲ್ಲ ಅಂತೀಯಲ್ಲ, ಇದಕ್ಕಿಂತ ಹೆಚ್ಚಿಗೆ ಓದುವುದು ಅಂದರೆ ಏನು, ನೀನೇ ಹೇಳು.

ಮೊದಲನೆಯದನ್ನು ನಾನು ಕೊಂಡಿದ್ದು ಹೈದರಾಬಾದಿನ ಅಬಿಡ್ಸ್ ಫುಟ್‌ಪಾತಿನಲ್ಲಿ, ಭಾನುವಾರದ ಹಳೇ ಪುಸ್ತಕದ ಸಾಲಿನಲ್ಲಿ. ಹೊದಿಕೆ ಕಿತ್ತುಹೋಗಿತ್ತು. ಓದಿ ಮುಗಿಸಿ ಯಾರಿಗಾದರೂ ಹೇಳೋಣ ಅಂದರೆ ಸ್ಟಾಫ್ ರೂಮಿನಲ್ಲಿ ಇಂಕ್ರಿಮೆಂಟು, ಟ್ರಾನ್ಸ್‌ಫರು ಬಿಟ್ಟು ಬೇರೆ ಮಾತಿರಲಿಲ್ಲ. ಜಗಳ ಆಡುವುದಕ್ಕೂ ಒಬ್ಬರು ಸಿಗಲಿಲ್ಲ. ಎಷ್ಟೋ ವರ್ಷ ಆ ಪುಸ್ತಕ ನನ್ನೊಳಗೇ ಇತ್ತು, ಹೆಚ್ಚೂಕಡಿಮೆ ಮುಗ್ಗಿತು ಅನ್ನು. ನಿನಗೆ ನಗುವವರಾದರೂ ಇದ್ದಾರೆ. ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ ಅಂತಲೇ ಇಟ್ಟುಕೋ.

ಏನು ಮಾಡಬೇಕು ಅಂತ ಕೇಳಿದ್ದೀಯ. ನನಗೇನು ಗೊತ್ತು. ಗುಂಪು ಬಿಡಬೇಡ, ಅದೊಂದು. ಮುಂದಿನ ಸಲ ಪುಸ್ತಕ ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವುದರಿಂದ ಶುರು ಮಾಡಬೇಡ. ಆ ಫ್ರೆಮನ್ ಪುಟ ತೆಗೆದು ಗಟ್ಟಿಯಾಗಿ ಓದು, ಆಮೇಲೆ ನಿಮ್ಮ ಕಾಲುವೆಯ ಮಾತು ಹೇಳು. ನಕ್ಕರೆ ನಗಲಿ. ಅವರು ಬೋರು ಅಂದರೆ ಎಲ್ಲಿ ಬೋರು ಅಂತ ಕೇಳು, ಪುಟ ತೋರಿಸಲಿ. ಕೆಲವು ಕಡೆ ನೀನೂ ಒಪ್ಪುತ್ತೀಯ. ಬೇರೆಯವರು ಎಷ್ಟು ಸ್ಟಾರ್ ಕೊಟ್ಟಿದ್ದಾರೆ ಅಂತ ಓದಿ ಮುಗಿಸುವ ತನಕ ನೋಡಬೇಡ. ಇದನ್ನು ಹೇಳುವ ನಾನೇ ನೋಡಿಬಿಡುತ್ತೇನೆ, ಅದು ಬೇರೆ. ಐದನೆಯದನ್ನು ಪರೀಕ್ಷೆ ಮುಗಿಯುವ ತನಕ ಮುಟ್ಟಬೇಡ. ಇದು ನಿಮ್ಮವ್ವನ ಪರವಾಗಿ ಹೇಳಿದ್ದು.

ಇನ್ನು ಒಂದು ಉಳಿದಿದೆ. ಲೀಟೋನ ವಿರುದ್ಧ ದಂಗೆ ಏಳುವ ಹುಡುಗಿ ಸಿಯೋನಾ ಕೃತಘ್ನೆ, ಅವನನ್ನು ಮೋಸದಿಂದ ಕೊಂದಳು ಅಂತ ಬರೆದಿದ್ದೀಯ. ಅದನ್ನು ನಾನು ಸುತಾರಾಂ ಒಪ್ಪುವುದಿಲ್ಲ. ತಲೆಮಾರುಗಟ್ಟಲೆ ಕಾದು ಅವಳನ್ನು ಬೆಳೆಸಿದ್ದು ಅವನೇ, ಭವಿಷ್ಯ ನೋಡುವವರ ಕಣ್ಣಿಗೆ ಬೀಳದ ಹುಡುಗಿ ಬೇಕು ಅಂತ. ನೀರು ಅವನಿಗೆ ವಿಷ ಅಂತ ಮರಳಿನಲ್ಲಿ ಅವಳು ಕಣ್ಣಾರೆ ನೋಡಿದಳು, ನೋಡಿದ್ದನ್ನು ಬಳಸಿದಳು. ಸೇತುವೆ ಬಿದ್ದು ಅವನು ನದಿಗೆ ಉರುಳಿದಾಗ ನೀನು ಅವನ ಕಡೆ ಇದ್ದೆ, ನಾನು ಅವಳ ಕಡೆ ಇದ್ದೆ. ನನ್ನದು ತಪ್ಪು ಅನ್ನಿಸಿದರೆ ಪುಟದ ನಂಬರ್ ಹಾಕಿ ಬರಿ. ಈ ಸಲ ಹೊಡೆದು ಹಾಕಬೇಡ.

ನಿನ್ನ
ಸೋದರಮಾವ