ಸ್ಕಾಲರ್‌ಶಿಪ್ ಕೈಗೆ ಬರುವಂತೆ ನೋಡಿಕೊಂಡವರಿಗೆ

ಅಂತಿಮ ವರ್ಷದವರು ಪರೀಕ್ಷೆ ಮುಗಿಸಿ ಹೊರಟಿದ್ದಾರೆ. ನಮ್ಮ ಸ್ಕಾಲರ್‌ಶಿಪ್ ಸಹಾಯ ಮೇಜಿಗೆ ಬಂದವರಲ್ಲಿ ಹೆಚ್ಚಿನವರು ಶಿಕ್ಷಣ ಸಾಲದ ಕಾಗದಕ್ಕೆ ಸಹಿ ಹಾಕದೆಯೇ ಪದವಿ ಮುಗಿಸಿದರು. ಅದಕ್ಕೆ ಕಾರಣರಾದವರಿಗೆ ಬರೀ ಧನ್ಯವಾದ ಹೇಳಿದರೆ ಸಾಲದು, ಯಾವ ಕೆಲಸಕ್ಕೆ ಅಂತಲೂ ಹೇಳಬೇಕು.

ಮೊದಲ ನಮಸ್ಕಾರ ವಿದ್ಯಾರ್ಥಿಗಳ ದಾಖಲೆಗಳನ್ನು ಆನ್‌ಲೈನಿನಲ್ಲಿ ದೃಢೀಕರಿಸುವ ಕಾಲೇಜಿನ ಇ-ಅಟೆಸ್ಟೇಷನ್ ಅಧಿಕಾರಿಗೆ. ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿಗೆ ಬೇಕಾದ ಇ-ದೃಢೀಕರಣ ಸಂಖ್ಯೆ ಇವರ ಲಾಗಿನ್ನಿಂದಲೇ ಬರಬೇಕು. ಕೊನೆಯ ದಿನಾಂಕದ ಹಿಂದಿನ ವಾರ ಇವರು ರಜೆ ಹಾಕಿದ್ದರೆ ಎಷ್ಟೋ ಅರ್ಜಿಗಳು ಅಲ್ಲಿಗೇ ನಿಲ್ಲುತ್ತಿದ್ದವು.

ನಾಡಕಚೇರಿಯ ಆಪರೇಟರುಗಳಿಗೂ ಅಷ್ಟೇ ಋಣಿ. ಅರ್ಜಿಯಲ್ಲಿ ಜಾತಿ-ಆದಾಯ ಪ್ರಮಾಣಪತ್ರದ ಮೇಲಿನ ಆರ್‌ಡಿ ನಂಬರ್ ಹಾಕಿದರೆ ಜಾತಿ, ಆದಾಯ ತಾನಾಗಿ ತೆರೆದುಕೊಳ್ಳುತ್ತದೆ ನಿಜ. ತೊಡಕು ಇರುವುದು ಹೆಸರಿನಲ್ಲಿ. ಆಧಾರ್‌ನ ಇಂಗ್ಲಿಷ್ ಕಾಗುಣಿತದಲ್ಲಿ 'ಲಕ್ಷ್ಮಿ'ಗೆ ಕೆಎಸ್‌ಎಚ್, ಮಾರ್ಕ್ಸ್‌ಕಾರ್ಡಿನಲ್ಲಿ ಎಕ್ಸ್. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಯಂತ್ರಕ್ಕೆ ಇಬ್ಬರೂ ಬೇರೆ ಬೇರೆ ಹುಡುಗಿಯರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಎದುರಿಗಿಟ್ಟುಕೊಂಡು ಅದರಂತೆ ಆಧಾರ್ ತಿದ್ದಿಸಿ, ಆಮೇಲೆ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ ಅಂತ ಕಳಿಸುತ್ತಿದ್ದವರು ಇವರು. ಈ ಕ್ರಮ ತಲೆಕೆಳಗಾದರೆ ಎರಡೆರಡು ಸಲ ಓಡಾಟ.

ಬ್ಯಾಂಕ್ ಕೌಂಟರಿನವರಿಗೆ ಹೇಳಬೇಕಾದ್ದು ಇನ್ನೂ ಇದೆ. ಅರ್ಜಿ ಮಂಜೂರಾಗಿದೆ, ಹಣ ಬಂದಿಲ್ಲ ಅಂತ ಬಂದವರ ಕಥೆ ಬಹುಪಾಲು ಒಂದೇ. ಡಿಬಿಟಿ (ಸರ್ಕಾರದಿಂದ ನೇರವಾಗಿ ಖಾತೆಗೆ ಬರುವ) ಹಣ ಆಧಾರ್ ಆಧಾರದ ಮೇಲೆ ಹೋಗುವಾಗ ಪಾಸ್‌ಬುಕ್ ಯಾವುದು ಅಂತ ನೋಡುವುದಿಲ್ಲ. ಯಾವ ಆಧಾರ್‌ಗೆ ಯಾವ ಬ್ಯಾಂಕ್ ಅಂತ ದಾಖಲಿಸಿಡುವ ಎನ್‌ಪಿಸಿಐ ಮ್ಯಾಪರ್‌ನಲ್ಲಿ ಕೊನೆಗೆ ಜೋಡಣೆಯಾದ ಬ್ಯಾಂಕಿಗೆ ಹೋಗುತ್ತದೆ. ಸಿಮ್ ಕೊಳ್ಳುವಾಗ ಬೆರಳೊತ್ತಿ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಯೇ ಆ 'ಕೊನೆಯದು' ಆಗಿರಬಹುದು, ಅದು ಹುಡುಗರಿಗೆ ನೆನಪೇ ಇರುವುದಿಲ್ಲ. ಖಾತೆಗೆ ಆಧಾರ್ ಲಿಂಕ್ ಆಗಿರುವುದು ಬೇರೆ, ಡಿಬಿಟಿಗೆ ಸೀಡಿಂಗ್ ಆಗಿರುವುದು, ಅಂದರೆ ಆ ಮ್ಯಾಪರ್‌ನಲ್ಲಿ ಸೇರಿರುವುದು, ಬೇರೆ. ಈ ವ್ಯತ್ಯಾಸವನ್ನು ದಿನಕ್ಕೆ ಹತ್ತು ಸಲ ಬೇಸರಿಸದೆ ವಿವರಿಸಿದ ಗುಮಾಸ್ತೆಗೆ ನಮ್ಮ ವಿಶೇಷ ವಂದನೆ. ಆಧಾರ್ ನೀಡುವ ಯುಐಡಿಎಐ ತಾಣದ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಅನ್ನು ಅರ್ಜಿಗೆ ಮೊದಲೇ ನೋಡುವ ಅಭ್ಯಾಸ ಅವರು ಕಲಿಸಿದ್ದು.

ಯಾವುದನ್ನು ಬಿಟ್ಟು ಯಾವುದನ್ನು ಹಿಡಿಯಬೇಕು ಅನ್ನುವ ಲೆಕ್ಕಕ್ಕೆ ಕೂತ ಉಪನ್ಯಾಸಕರಿಗೆ ಧನ್ಯವಾದ. ಪಿಯುಸಿಯಲ್ಲಿ ತಮ್ಮ ಬೋರ್ಡಿನ 80ನೇ ಪರ್ಸೆಂಟೈಲ್ ದಾಟಿ (ಅಂದರೆ ಶೇ 80 ಮಂದಿಗಿಂತ ಹೆಚ್ಚು ಅಂಕ ಪಡೆದು), ಮನೆಯ ಆದಾಯ 4.5 ಲಕ್ಷದೊಳಗಿದ್ದರೆ ಎನ್‌ಎಸ್‌ಪಿಯ (ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್) ಕೇಂದ್ರ ವಲಯದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು: ಪದವಿಯಲ್ಲಿ ವರ್ಷಕ್ಕೆ 12,000 ರೂಪಾಯಿ. ಆದರೆ ಅದರ ಜೊತೆಗೆ ಸರ್ಕಾರದ ಬೇರೆ ವಿದ್ಯಾರ್ಥಿವೇತನವಾಗಲಿ ಶುಲ್ಕ ವಿನಾಯಿತಿಯಾಗಲಿ ಸಲ್ಲದು. ಹಾಗಾಗಿ ಬೇರೆ ಯೋಜನೆಯಲ್ಲಿ ಸಿಗಬಹುದಾದ ಶುಲ್ಕ ಮರುಪಾವತಿಯ ಮೊತ್ತವನ್ನು ಪಕ್ಕದಲ್ಲಿ ಬರೆದು ನೋಡದೆ ಅರ್ಜಿ ಒತ್ತಬಾರದು. ಕೇಂದ್ರದ ಈ ವಿದ್ಯಾರ್ಥಿವೇತನವನ್ನು ಉಳಿಸಿಕೊಳ್ಳಲು ಶೇ 50 ಅಂಕ, ಶೇ 75 ಹಾಜರಾತಿ ಬೇಕು. ನಮ್ಮ ಅಂದಾಜಿನಲ್ಲಿ ಅಂಕಕ್ಕಿಂತ ಹಾಜರಾತಿಯೇ ಹೆಚ್ಚು ಜನರಿಗೆ ಕೈಕೊಡುತ್ತದೆ. ಎಂಜಿನಿಯರಿಂಗಿಗೆ ಸೇರಿದ, ಮನೆಯ ಆದಾಯ 8 ಲಕ್ಷ ಮೀರದ ಹೆಣ್ಣುಮಕ್ಕಳಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ಇದೆ, ವರ್ಷಕ್ಕೆ 50,000. ಮೊದಲ ವರ್ಷ ತಪ್ಪಿಸಿಕೊಂಡವರು ಆಮೇಲೆ ಕೇಳಿ ಪ್ರಯೋಜನವಿಲ್ಲ. ಹಿಂದುಳಿದ ವರ್ಗದ, ಹಾಸ್ಟೆಲ್ ಸಿಗದ ಮಕ್ಕಳಿಗೆ ವಿದ್ಯಾಸಿರಿ: ತಿಂಗಳಿಗೆ 1,500ರಂತೆ 10 ತಿಂಗಳು.

ಕಾಲೇಜಿನ ಲೆಕ್ಕ ವಿಭಾಗಕ್ಕೆ ಎರಡು ಮಾತು. ಫೀಸು ಕಟ್ಟುವುದು ವರ್ಷದ ಮೊದಲಿಗೆ, ಸ್ಕಾಲರ್‌ಶಿಪ್ ಬರುವುದು ತಿಂಗಳುಗಳ ನಂತರ. ಕೈಸಾಲ, ಬಡ್ಡಿ ಸಾಲ ಹುಟ್ಟುವುದೇ ಈ ನಡುವೆ. ಅರ್ಜಿಯ ಸ್ವೀಕೃತಿ ಪ್ರತಿ ನೋಡಿ ಮೂರು ಕಂತಿಗೆ ಒಪ್ಪಿದ್ದಕ್ಕೆ, ಹಾಲ್‌ಟಿಕೆಟ್ ತಡೆಹಿಡಿಯದೇ ಇದ್ದದ್ದಕ್ಕೆ ಕೈಮುಗಿಯುತ್ತೇವೆ.

ಕೊನೆಗೆ, ಹೊರಟು ನಿಂತ ಹಿರಿಯ ವಿದ್ಯಾರ್ಥಿಗಳಿಗೆ. ತಿರಸ್ಕೃತವಾದ ಅರ್ಜಿಗಳ ಪ್ರಿಂಟ್‌ಔಟ್‌ಗಳನ್ನೂ, ಪ್ರತಿಯೊಂದರ ಮೇಲೆ ಕೆಂಪು ಪೆನ್ನಿನಲ್ಲಿ ಕಾರಣವನ್ನೂ ಬರೆದು ಒಂದು ಫೈಲು ಬಿಟ್ಟುಹೋಗಿದ್ದಾರೆ. ಅದು ಮೇಜಿನ ಎಡಗಡೆ ಡ್ರಾಯರ್‌ನಲ್ಲಿದೆ.